ಕರಡಿಕೊಳ್ಳದ ಮೇಲಿನ ಬಾವಿ

ಹೋದ ತಿಂಗಳು ಮೈಸೂರಿನ ನಮ್ಮ ಬೀದಿಯಲ್ಲಿ ಎದುರು ಮನೆಯವರು ಬೋರ್‌ವೆಲ್ ಕೊರೆಸಿದರು. ಬೆಳಗಿನಿಂದ ಬಿಳಿ ಕಲ್ಲಿನ ಪುಡಿ ಹಾರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಹಸಿರು ಬೆರೆತ ಬೂದುಬಣ್ಣದ ಕೆಸರಾಗಿ ಉಕ್ಕಿ ಚರಂಡಿಗೆ ಇಳಿಯಿತು. ನೀರು ಬಂತು ಎಂದು ಬೀದಿಯ ಜನವೆಲ್ಲ ನೋಡಲು ಬಂದರು. ನಾನೂ ಗೇಟಿನವರೆಗೆ ಹೋದೆ. ಆ ಕೆಸರಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಒಳಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಹಳೆಯ ತಾಮ್ರದ ಕೊಡದೊಳಗೆ ಮುಖವಿಟ್ಟರೆ ಬರುವಂಥ, ತಣ್ಣನೆಯ, ಎಂದೂ ಗಾಳಿ ಕಾಣದ ವಾಸನೆ ಅದು. ಏನಾಯಿತು ಎಂದು ಹೆಂಡತಿ ಕೇಳಿದಳು. ತಲೆನೋವು ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಹಳೆಯ ಅಭ್ಯಾಸವಿದೆ. ಆ ಅಭ್ಯಾಸ ಎಲ್ಲಿ ಶುರುವಾಯಿತು ಎಂದು ಬರೆಯಲು ಈಗ ಕೂತಿದ್ದೇನೆ.

ಅರವತ್ತರ ದಶಕ ಮುಗಿಯುತ್ತಿದ್ದ ವರ್ಷ. ನಾನು ಯಳಂದೂರಿನವನು. ಭೂವಿಜ್ಞಾನ ಓದಿ, ನೆಲವನ್ನು ಅಗೆಯದೆಯೇ ಅದರ ಒಳಗನ್ನು ಅಳೆಯುವ ಒಂದು ಸರ್ಕಾರಿ ತಂಡದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ತಂಡದ ಮುಖ್ಯಸ್ಥರು ವರದರಾಜನ್ ಎಂಬ ತಮಿಳರು, ಮಾತು ಕಡಿಮೆ, ಕೆಲಸ ಹೆಚ್ಚು. ನಮ್ಮ ಜೊತೆ ಒಂದು ಜೀಪು, ಒಬ್ಬ ಡ್ರೈವರು, ನಾಲ್ಕು ಜನ ಕೂಲಿಯಾಳುಗಳು. ಶ್ರಾವಣದ ಮೊದಲ ವಾರ ಹನೂರಿನಿಂದ ಪೂರ್ವಕ್ಕೆ, ಕಾಡಿನ ಅಂಚಿನ ಒಂದು ಊರಿನ ಪಕ್ಕ ಗುಡಾರ ಹಾಕಿದೆವು. ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರಿಗೆ ನನ್ನ ಗುರುತು ಸಿಕ್ಕೀತು. ಇಲ್ಲಿ ಬರುವ ಕೊಳ್ಳದ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಊರಿನ ಕೆಳಗೆ ಕರಡಿಕೊಳ್ಳ. ಹೊಲಗಳು ಮಟ್ಟಸವಾಗಿ ಹೋಗುತ್ತ ಹೋಗುತ್ತ ಒಂದೆಡೆ ಥಟ್ಟನೆ ಮುಗಿದುಬಿಡುತ್ತವೆ. ಅಂಚಿಗೆ ನಿಂತು ಬಗ್ಗಿದರೆ ತೆಂಗಿನಮರದ ಮೇಲೆ ತೆಂಗಿನಮರ ನಿಲ್ಲಿಸಿದರೂ ಮುಟ್ಟದಷ್ಟು ಆಳ. ಎರಡೂ ಬದಿ ಕಪ್ಪು ಬಂಡೆಯ ಗೋಡೆ. ಕೊಳ್ಳ ಎಲ್ಲೂ ಡೊಂಕಾಗದೆ ಗೆರೆ ಎಳೆದಂತೆ ಕಾವೇರಿಯ ಕಡೆಗೆ ಹೋಗುತ್ತಿತ್ತು. ಅದರೊಳಗೆ ಬೀಳುತ್ತಿದ್ದ ಹಳ್ಳವೋ, ಆಡು ಕೂಡ ಹಾರಿ ದಾಟುವಷ್ಟು ಚಿಕ್ಕದು. ಇಷ್ಟು ಬಡ ಹಳ್ಳ ಇಷ್ಟು ದೊಡ್ಡ ಕೊಳ್ಳವನ್ನು ಕೊರೆದದ್ದು ಹೇಗೆ? ಒಂದು ಕಾಲಕ್ಕೆ ಇಲ್ಲಿ ದೊಡ್ಡ ನದಿಯೇ ಹರಿದು, ಆಮೇಲೆ ದಾರಿ ಬದಲಿಸಿ, ಹಳೆಯ ಪಾತ್ರ ಮಣ್ಣಿನಡಿ ಮುಚ್ಚಿಹೋಗಿದೆಯೇ? ಅಥವಾ ನೆಲವೇ ಎಂದೋ ಬಿರಿದು, ಆ ಬಿರುಕಿಗೆ ಹಳ್ಳ ಆಮೇಲೆ ಬಂದು ಬಿದ್ದಿತೇ? ಅದನ್ನು ಕಂಡುಹಿಡಿಯುವುದೇ ನಮ್ಮ ಕೆಲಸ. ವರದರಾಜನ್ ಅವರಿಗೆ ನದಿಯ ಮೇಲೆ ನಂಬಿಕೆ. ನನಗೆ ನನ್ನ ಮೇಲೆ ನಂಬಿಕೆ.

ಊರಿನವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಕೊಳ್ಳ ಬೆಳೆಯುತ್ತದೆ ಎಂದು ಅವರು ಹೇಳುತ್ತಿದ್ದರು, ವರ್ಷಕ್ಕೆ ಎಳ್ಳಿನಷ್ಟು, ಊರಿನ ಕಡೆಗೆ. ಅದರ ತಲೆಯ ನೇರಕ್ಕಿದ್ದ ಮೂರು ಮನೆಗಳ ಗೋಡೆ ಎಷ್ಟು ಸಲ ಮೆತ್ತಿದರೂ ಅದೇ ಜಾಗದಲ್ಲಿ ಸೀಳುತ್ತಿತ್ತು. ಅಲ್ಲಿ ದನ ಕಟ್ಟಿದರೆ ರಾತ್ರಿಯೆಲ್ಲ ಮಲಗದೆ ನಿಲ್ಲುತ್ತವಂತೆ. ನಾನು ನಕ್ಕೆ. ನಗುವುದು ಆಗ ನನಗೆ ಸುಲಭವಾಗಿತ್ತು.

ನಮ್ಮ ಕೆಲಸದ ಬಗೆ ಹೀಗೆ. ನಾಲ್ಕು ಕಬ್ಬಿಣದ ಗೂಟಗಳನ್ನು ಒಂದೇ ಸಾಲಿನಲ್ಲಿ ಸಮ ದೂರಕ್ಕೆ ಹೊಡೆದು ಬುಡಕ್ಕೆ ಉಪ್ಪುನೀರು ಹೊಯ್ಯುತ್ತಿದ್ದೆವು. ಹೊರಗಿನ ಎರಡು ಗೂಟಗಳಿಗೆ ಬ್ಯಾಟರಿಯಿಂದ ಕರೆಂಟು ಬಿಟ್ಟು, ಒಳಗಿನ ಎರಡರಿಂದ ಅಳೆಯುತ್ತಿದ್ದೆವು. ಗಟ್ಟಿ ಬಂಡೆ ಕರೆಂಟಿಗೆ ದಾರಿ ಬಿಡುವುದಿಲ್ಲ, ಒದ್ದೆ ನೆಲ ಬಿಡುತ್ತದೆ. ಗೂಟಗಳ ನಡುವೆ ದೂರ ಹೆಚ್ಚಿದಷ್ಟೂ ಇನ್ನೂ ಆಳದ ಸುದ್ದಿ ಬರುತ್ತದೆ. ಹೀಗೆ ಕೊಳ್ಳದ ತಲೆಯಿಂದ ಮೇಲಕ್ಕೆ, ಹೊಲದಿಂದ ಹೊಲಕ್ಕೆ, ದಿನವೂ ಅಡ್ಡಡ್ಡ ಸಾಲು ಹಿಡಿದು ನಡೆದೆವು. ಎಲ್ಲಿ ಕರೆಂಟು ಸಲೀಸಾಗಿ ಇಳಿಯಿತೋ ಅಲ್ಲಿ ಒಂದು ಕಲ್ಲು ನೆಟ್ಟು ಸುಣ್ಣ ಬಳಿಯುವುದು ನನ್ನ ಪಾಲಿನ ಕೆಲಸ. ಒಂದು ತಿಂಗಳಲ್ಲಿ ಹನ್ನೆರಡು ಕಲ್ಲುಗಳಿಗೆ ಸುಣ್ಣ ಬಿದ್ದಿತ್ತು. ಒಂದು ಸಂಜೆ ದಿಬ್ಬದ ಮೇಲೆ ನಿಂತು ತಿರುಗಿ ನೋಡಿದೆ. ಹನ್ನೆರಡೂ ಒಂದೇ ಗೆರೆಯಲ್ಲಿದ್ದವು. ಗೆರೆ ಕೊಳ್ಳದ ತಲೆಯಿಂದ ಹೊರಟು ಸೀಳಿದ ಮೂರು ಮನೆಗಳ ಅಡಿಯಲ್ಲೇ ಹಾದುಹೋಗಿತ್ತು. ಆ ಸಂಜೆ ನನಗೆ ನಗು ಬರಲಿಲ್ಲ.

ಹನ್ನೊಂದನೆಯ ಕಲ್ಲು ಇದ್ದದ್ದು ಮಲ್ಲಪ್ಪನ ಹೊಲದಲ್ಲಿ. ಮಲ್ಲಪ್ಪನಿಗೆ ನಲವತ್ತರ ಆಸುಪಾಸು ವಯಸ್ಸು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಇದ್ದೊಬ್ಬ ಮಗಳನ್ನು ಮುಳ್ಳೂರಿಗೆ ಕೊಟ್ಟಿದ್ದ. ಬೀಗರ ಮನೆಯ ಹಿಪ್ಪುನೇರಳೆ ತೋಟ ನೋಡಿ ಬಂದಾಗಿನಿಂದ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಒಂದು ಬಾವಿ ತೋಡಿಸಬೇಕು, ಹಿಪ್ಪುನೇರಳೆ ಹಾಕಬೇಕು, ಮನೆಯಲ್ಲಿ ರೇಷ್ಮೆಹುಳು ಸಾಕಬೇಕು. ಅವನ ಹೆಂಡತಿ ಪುಟ್ಟಮ್ಮಣ್ಣಿ ನಮಗೆ ದಿನವೂ ಮಜ್ಜಿಗೆ ಕಳಿಸುತ್ತಿದ್ದರು. ನಾನು ಯಳಂದೂರಿನವನೆಂದು ಗೊತ್ತಾದ ಮೇಲೆ ಮಜ್ಜಿಗೆಯ ಜೊತೆ ರಾಗಿರೊಟ್ಟಿಯೂ ಬರತೊಡಗಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಮಾತ್ರ ಹಿತ್ತಲ ಗಿಡವೇ ಮದ್ದಾಗಿತ್ತು. ವರದರಾಜನ್ ಏನು ಹೇಳಿದರೂ ಮಲ್ಲಪ್ಪ ಆಮೇಲೆ ನನ್ನ ಹತ್ತಿರ ಬಂದು ಹೌದಾ ಎಂದು ಕೇಳಿಕೊಂಡು ಹೋಗುತ್ತಿದ್ದ.

ಒಂದು ದಿನ ಸುಣ್ಣದ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ: “ಸಾ, ನೀವು ಎಳಂದೂರೋರು, ನಮ್ ಕಡೆಯೋರು. ನಿಜ ಏಳ್ಬುಡಿ. ಸುಣ್ಣ ಬಳ್ದಿರೋ ತಾವ ಒಳಗೆ ನೀರದಾ?”

ಒದ್ದೆಯಾದ ಜೇಡಿಯೂ ನೀರೂ ನಮ್ಮ ಯಂತ್ರಕ್ಕೆ ಒಂದೇ ಥರ ಕಾಣುತ್ತವೆ, ಯಾವುದು ಯಾವುದೆಂದು ಅದು ಹೇಳಲಾರದು ಎಂದು ವರದರಾಜನ್ ಮೊದಲ ದಿನವೇ ನನಗೆ ಕಲಿಸಿದ್ದರು. ಅದು ನೆನಪಿತ್ತು. ಆದರೆ ಎದುರಿಗಿದ್ದವನು ನನ್ನನ್ನು ದೊಡ್ಡ ಮನುಷ್ಯನೆಂದು ನೋಡುತ್ತಿದ್ದ, ಆ ನೋಟ ನನಗೆ ಬೇಕಾಗಿತ್ತು. “ಒಳಗೆ ಒದ್ದೆ ಅಂತೂ ಅದೆ ಕಣ್ರಿ ಮಲ್ಲಪ್ಪ” ಎಂದೆ. ಉಳಿದರ್ಧ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಸೋಮವಾರವೇ ಆ ಕಲ್ಲಿನ ಪಕ್ಕ ಗುದ್ದಲಿ ಪೂಜೆಯಾಯಿತು.

ಬಾವಿ ತೋಡಲು ಕಾಮಗೆರೆ ಕಡೆಯಿಂದ ಇಬ್ಬರು ಬಂದರು. ಮೊದಲ ಇಪ್ಪತ್ತು ಅಡಿ ಕೆಂಪು ಮಣ್ಣು, ಗರಸು ಕೂಡಿದ ಮೊರಂಪು, ಎಲ್ಲ ಸರಿಯಾಗಿತ್ತು. ಆಮೇಲೆ ಬಂಡೆ ಸಿಗಬೇಕಿತ್ತು. ಸಿಕ್ಕದ್ದು ಹಸಿರು ಬೂದು ಬಣ್ಣದ ಜೇಡಿ, ಅದರ ತುಂಬ ಹಲ್ಲಿನಂಥ ಕಲ್ಲಿನ ಚೂರುಗಳು. ಅವತ್ತೇ ಆ ವಾಸನೆ ಮೊದಲು ನನ್ನ ಮೂಗಿಗೆ ಬಿದ್ದದ್ದು. ಇಬ್ಬರಲ್ಲಿ ಹಿರಿಯವನು ಹಾರೆಯನ್ನು ಎತ್ತಿ ಹೊಡೆಯಲಿಲ್ಲ, ಸುಮ್ಮನೆ ಕೈಯಲ್ಲಿ ಒತ್ತಿದ. ಹಾರೆ ಅರ್ಧಕ್ಕೆ ಇಳಿಯಿತು. ಅವನು ಮೇಲೆ ಹತ್ತಿ ಬಂದು ಕೈಕಾಲು ತೊಳೆದು ಸಾಮಾನು ಕಟ್ಟಿದ.

“ಇದು ನೆಲ ಅಲ್ಲ ಕಣ್ರಿ, ನುಚ್ಚು. ಎಷ್ಟ್ ತೆಗುದ್ರೂ ಬಗಲಿಂದ ಬತ್ತದೆ. ನಾವ್ ಇಳಿಯಾಕಿಲ್ಲ” ಎಂದು ಅವನು ಮಲ್ಲಪ್ಪನಿಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

ಮಲ್ಲಪ್ಪ ನನ್ನ ಮುಖ ನೋಡಿದ. ನಾನು ಜೀಪಿನ ಕಡೆ ನೋಡಿದೆ. ಮರುದಿನದಿಂದ ಅವನೇ ಬಾವಿಗೆ ಇಳಿದ. ಮೇಲೆ ರಾಟೆಯಲ್ಲಿ ಮಣ್ಣಿನ ಮಂಕರಿ ಎಳೆಯಲು ಪುಟ್ಟಮ್ಮಣ್ಣಿ ಮತ್ತು ಇಬ್ಬರು ಹೆಣ್ಣಾಳುಗಳು.

ಭಾದ್ರಪದ ಕಳೆಯಿತು. ಆ ಹೊತ್ತಿಗೆ ನಮ್ಮ ಕೆಲಸದ ಎರಡನೆಯ ಹಂತ ಬಂದಿತ್ತು. ನೆಲದಲ್ಲಿ ಸಣ್ಣ ಪ್ರಮಾಣದ ಸಿಡಿಮದ್ದು ಸಿಡಿಸಿ, ಆ ಕಂಪನ ಎಷ್ಟು ಬೇಗ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂದು ಅಳೆಯುವುದು. ಗಟ್ಟಿ ಬಂಡೆಯಲ್ಲಿ ಕಂಪನ ಓಡುತ್ತದೆ, ಪೊಳ್ಳು ನೆಲದಲ್ಲಿ ತೆವಳುತ್ತದೆ. ಸಾಲಾಗಿ ನೆಲಕ್ಕೆ ಚುಚ್ಚಿದ ಹನ್ನೆರಡು ಪುಟ್ಟ ಡಬ್ಬಿಗಳು ಅದನ್ನು ಕೇಳಿಸಿಕೊಳ್ಳುತ್ತವೆ, ಯಂತ್ರ ಅದನ್ನು ಫೋಟೋ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಇಲ್ಲಿ ಒಂದು ವಿಚಿತ್ರ ಕಂಡಿತು. ಮದ್ದು ಸಿಡಿಸದೆ ಇದ್ದಾಗಲೂ, ಗಾಳಿ ಇಲ್ಲದ ಮಧ್ಯಾಹ್ನಗಳಲ್ಲಿ, ಹನ್ನೊಂದನೆಯ ಕಲ್ಲಿನ ಹತ್ತಿರದ ಡಬ್ಬಿಯ ಗೆರೆ ತಾನಾಗಿಯೇ ನಡುಗುತ್ತಿತ್ತು. ಡಬ್ಬಿ ಬದಲಿಸಿದೆವು, ತಂತಿ ಬದಲಿಸಿದೆವು. ನಡುಕ ನಿಲ್ಲಲಿಲ್ಲ. ಮಲ್ಲಪ್ಪನ ಗುದ್ದಲಿಯ ಪೆಟ್ಟಿರಬೇಕು ಎಂದರು ವರದರಾಜನ್. ಮಲ್ಲಪ್ಪ ಅವತ್ತು ಹನೂರಿನ ಸಂತೆಗೆ ಹೋಗಿದ್ದ. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಬಾವಿ ನಲವತ್ತು ಅಡಿ ಮುಟ್ಟಿತು. ಅದರ ತಳದಲ್ಲಿ ಮದ್ದು ಇಟ್ಟರೆ ಆಳದ ಸುದ್ದಿ ಚೆನ್ನಾಗಿ ಸಿಗುತ್ತದೆ ಎಂದು ವರದರಾಜನ್ ಅವರಿಗೆ ಹೊಳೆಯಿತು. ಕೇಳಿದ್ದಕ್ಕೆ ಮಲ್ಲಪ್ಪ ಖುಷಿಯಿಂದ ಒಪ್ಪಿದ. ಬಾವಿ ತೋಡುವವರು ಮದ್ದು ಹಾಕಿ ಬುಡ ಸಡಿಲಿಸುವುದು ಅವನು ಕಂಡದ್ದೇ. ಸರ್ಕಾರದ ಮದ್ದು ಪುಕ್ಕಟೆ ಬಂದರೆ ಯಾರಿಗೆ ಬೇಡ? ಒಂದು ಬೆಳಗ್ಗೆ ಎಲ್ಲರನ್ನೂ ದೂರ ಸರಿಸಿ ಸಿಡಿಸಿದೆವು. ಸದ್ದು ಸಣ್ಣದಾಗಿಯೇ ಬಂತು. ಆಮೇಲೆ, ನಾವು ಉಸಿರು ಬಿಟ್ಟ ಮೇಲೆ, ಅದೇ ಸದ್ದು ಕೊಳ್ಳದ ಒಳಗಿನಿಂದ ಇನ್ನೊಂದು ಸಲ ಬಂತು. ಮೊದಲಿನದಕ್ಕಿಂತ ದಪ್ಪವಾಗಿತ್ತು. ಕೂಲಿಯಾಳುಗಳು ಚಪ್ಪಲಿ ಕಳಚಿ ನಿಂತರು.

ಫೋಟೋ ಕಾಗದ ತೊಳೆಯಲೆಂದು ಬೆಳಕು ಬಾರದಂತೆ ಕಟ್ಟಿದ್ದ ಕಪ್ಪು ಗುಡಾರದಿಂದ ವರದರಾಜನ್ ಹೊರಗೆ ಬಂದು, ಒದ್ದೆ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿದರು. ನದಿ ಇರಲೇ ಇಲ್ಲ. ಸುಣ್ಣದ ಗೆರೆಯ ಎರಡೂ ಬದಿ ಗಟ್ಟಿ ಬಂಡೆ, ನಡುವೆ ಮಾತ್ರ ಅರೆದುಹೋದ ಕಲ್ಲು, ಆಳಕ್ಕೆ ಹೋದಷ್ಟೂ ಅದೇ. ಒಂದು ಬದಿಯ ಬಂಡೆ ಇನ್ನೊಂದಕ್ಕಿಂತ ಕೆಳಕ್ಕೆ ಜಾರಿತ್ತು. ಹುಲ್ಲುಕಡ್ಡಿಯೂ ಹುಟ್ಟದ ಕಾಲದಲ್ಲಿ ಈ ನೆಲ ಬಿರಿದಿತ್ತು. ಬಿರಿದ ಎರಡು ಬದಿಗಳು ಒಂದಕ್ಕೊಂದು ತಿಕ್ಕಿ ನಡುವಿನದನ್ನು ಹಿಟ್ಟು ಮಾಡಿದ್ದವು. ಹಳ್ಳ ಮಾಡಿಕೊಂಡ ದಾರಿಯಲ್ಲ ಇದು, ಹಳ್ಳಕ್ಕೆ ಸಿಕ್ಕಿದ ದಾರಿ ಎಂದರು ಅವರು. ಮೆತ್ತಗಿನ ಈ ಪಟ್ಟಿಯನ್ನು ಕೊರೆಯುತ್ತ ಕೊಳ್ಳ ಊರಿನ ಕಡೆಗೆ ನಿಜವಾಗಿಯೂ ಬರುತ್ತಿತ್ತು, ಎಳ್ಳಿನಷ್ಟೇ ಆದರೂ. ಊರಿನವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಈ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸಲು ಅವರು ಆಗಲೇ ಕೊಳ್ಳೇಗಾಲಕ್ಕೆ ಹೊರಟರು, ಟ್ರಂಕ್ ಕಾಲ್ ಮಾಡಲು. ಜೀಪು ಹತ್ತಿದವರು ಮತ್ತೆ ಇಳಿದು ನನ್ನ ಹತ್ತಿರ ಬಂದರು. ಬಾವಿ ನಿಂತಿರುವುದು ಅರೆದ ಕಲ್ಲಿನಲ್ಲಿ, ಮಳೆ ಬಿದ್ದರೆ ಗೋಡೆ ನಿಲ್ಲುವುದಿಲ್ಲ, ಇನ್ನು ಯಾರೂ ಅದರೊಳಗೆ ಇಳಿಯಕೂಡದು, ಮಲ್ಲಪ್ಪನಿಗೆ ಇವತ್ತೇ ಹೇಳು ಎಂದರು. ನಿನ್ನ ಮಾತಾದರೆ ಅವನು ಕೇಳುತ್ತಾನೆ ಎಂದೂ ಸೇರಿಸಿದರು. ಹೇಳುತ್ತೇನೆ ಎಂದೆ.

ಹೇಳಲೆಂದೇ ಹೊರಟೆ, ಅದು ಸತ್ಯ. ಅಷ್ಟರಲ್ಲಿ ಮಲ್ಲಪ್ಪನೇ ಓಡುತ್ತ ಬಂದು ನನ್ನ ಕೈ ಹಿಡಿದುಕೊಂಡ. ಮದ್ದು ಸಿಡಿದ ಮೇಲೆ ಬಾವಿಯ ತಳದಲ್ಲಿ ನೀರು ಜಿನುಗಿತ್ತು. ಮೊಳಕಾಲು ಮುಳುಗುವಷ್ಟು.

ಆ ಕಡೆ ಒಂದು ಪದ್ಧತಿಯಿದೆ. ಹೊಸ ಬಾವಿಯ ಮೊದಲ ನೀರಿನಲ್ಲಿ ಅಡುಗೆ ಮಾಡಿ, ಜಾಗ ತೋರಿಸಿದವನಿಗೆ ಮೊದಲ ಎಲೆ ಹಾಕಬೇಕು. ಅವನು ಉಂಡೆದ್ದ ಮೇಲೆಯೇ ಮನೆಯವರು ಉಣ್ಣುವುದು. ಜಾಗ ತೋರಿಸಿದವನು ನಾನು. ಆ ಸಂಜೆ ನನ್ನನ್ನು ಕರೆದುಕೊಂಡು ಹೋಗಿ ಕಾಲಿಗೆ ನೀರು ಕೊಟ್ಟು, ಹೊಸ ಪಂಚೆ ಹೊದಿಸಿ, ನಡುಮನೆಯಲ್ಲಿ ಕೂರಿಸಿದರು. ಮುಳ್ಳೂರಿನಿಂದ ಮಗಳೂ ಎರಡು ದಿನ ಮೊದಲೇ ಬಂದಿದ್ದಳು. ಮುದ್ದೆ, ಅವರೆಕಾಳಿನ ಸಾರು, ಬೆಲ್ಲದ ಪಾಯಸ. ಎಷ್ಟು ಸೋಸಿದರೂ ನೀರು ತಿಳಿಯಾಗಿರಲಿಲ್ಲವಂತೆ. ಪಾಯಸದ ಮೊದಲ ತುತ್ತಿನಲ್ಲೇ ಹಲ್ಲಿಗೆ ನುಣುಪಾದ ಜೇಡಿ ಸಿಕ್ಕಿತು, ಅದೇ ವಾಸನೆ. ಪುಟ್ಟಮ್ಮಣ್ಣಿ ಕಂಬಕ್ಕೆ ಒರಗಿ ನಿಂತು, “ಒಟ್ಟೆ ತುಂಬ ಉಣ್ಣಿ ಸಾ, ನಿಮ್ಮಿಂದ ಗಂಗವ್ವ ಬಂದವ್ಳೆ” ಎಂದರು. ಮಲ್ಲಪ್ಪ ಎದುರಿಗೆ ಕೂತು, ನಾನು ತಿನ್ನುವುದನ್ನೇ ನೋಡುತ್ತ, ಎಷ್ಟು ಸಾಲು ಹಿಪ್ಪುನೇರಳೆ, ಎಲ್ಲಿ ಕಾಲುವೆ, ಹುಳದ ತಟ್ಟೆಗೆ ಯಾವ ಕೋಣೆ ಎಂದು ಹೇಳುತ್ತಿದ್ದ. ನಾಳೆ ತಳದ ಹೂಳು ತೆಗೆದು, ನಾಡಿದ್ದಿನಿಂದ ಸುತ್ತ ಕಲ್ಲು ಕಟ್ಟಿಸುವುದಂತೆ.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಆ ಎಲೆಯ ಮುಂದೆ ಕೂತು, ಇದು ನಿಲ್ಲುವ ಬಾವಿಯಲ್ಲ, ಇಳಿಯಬೇಡಿ, ನೀವು ಬೇರೆ ಕಡೆ ಹೋಗಿ ತೋಡಿ, ನಾನು ಅವತ್ತು ಹೇಳಿದ್ದು ಅರ್ಧ ಮಾತ್ರ ಎಂದು ಹೇಳುವುದು ಉಂಡ ಮನೆಯ ಗಳ ಹಿರಿದಂತೆ ಅನಿಸಿತು. ನಾಚಿಕೆ, ಅಷ್ಟೇ. ಭಯವೂ ಅಲ್ಲ, ದುರುದ್ದೇಶವೂ ಅಲ್ಲ. ಬೆಳಗ್ಗೆ ಹೇಳಿದರಾಯಿತು, ಮಳೆ ಇನ್ನೂ ಬಂದಿಲ್ಲವಲ್ಲ ಎಂದುಕೊಂಡು ಎರಡನೆಯ ಸಲ ಪಾಯಸ ಹಾಕಿಸಿಕೊಂಡೆ.

ಬೆಳಗ್ಗೆ ಎದ್ದಾಗ ಮೋಡ ಕೊಳ್ಳದ ಬಾಯಿಯವರೆಗೆ ಇಳಿದಿತ್ತು. ಹಿಂಗಾರು ಆ ವರ್ಷ ಬೇಗ ಬಂತು. ಗುಡಾರದಿಂದ ಬಾವಿಗೆ ಹೊರಟವನು ದಾರಿಯಲ್ಲಿ ನಮ್ಮ ಡಬ್ಬಿಗಳು ನೆನೆಯುತ್ತಿರುವುದನ್ನು ಕಂಡೆ. ಅವು ಬೆಲೆಬಾಳುವ ವಸ್ತು, ನನ್ನ ಜವಾಬ್ದಾರಿ. ಒಂದೊಂದನ್ನೇ ಕಿತ್ತು, ಒರೆಸಿ, ಪೆಟ್ಟಿಗೆಗೆ ತುಂಬಿದೆ. ಹನ್ನೆರಡನ್ನೂ. ಅಷ್ಟು ಹೊತ್ತು ಮಳೆ ಸುರಿಯುತ್ತಲೇ ಇತ್ತು. ಹನ್ನೊಂದನೆಯದನ್ನು ಕೀಳುವಾಗ ನೆಲದ ನಡುಕ ಅಂಗೈಗೆ ತಾಕಿತು.

ನನಗೆ ಯಾವ ದೊಡ್ಡ ಸದ್ದೂ ಕೇಳಿಸಲಿಲ್ಲ. ತಲೆ ಎತ್ತಿದಾಗ ಬಾವಿಯ ಬಳಿ ರಾಟೆಯ ಕಂಬ ವಾಲಿತ್ತು. ಇಬ್ಬರು ಹೆಣ್ಣಾಳುಗಳು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಪುಟ್ಟಮ್ಮಣ್ಣಿ ಒಬ್ಬರೇ ಹಗ್ಗ ಹಿಡಿದು ಎಳೆಯುತ್ತಿದ್ದರು. ನಾನು ಓಡಿ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಬಾವಿ ಇರಲಿಲ್ಲ. ಇದ್ದ ಜಾಗದಲ್ಲಿ ಬೂದು ಕೆಸರು ನಿಧಾನವಾಗಿ ಒಳಕ್ಕೆ ಇಳಿಯುತ್ತಿತ್ತು, ಹಗ್ಗ ಅದರ ನಡುವೆ ನೆಟ್ಟಗೆ ನಿಂತಿತ್ತು. ನಾವಿಬ್ಬರೂ ಎಷ್ಟು ಎಳೆದರೂ ಅದು ಬರಲಿಲ್ಲ, ಸಡಿಲವೂ ಆಗಲಿಲ್ಲ.

ಊರಿನವರು, ಮುಳ್ಳೂರಿನ ಬೀಗರು, ನಮ್ಮ ಆಳುಗಳು, ಎಲ್ಲ ಸೇರಿ ಮೂರು ದಿನ ತೆಗೆದರು. ಒಂದು ಮಂಕರಿ ತೆಗೆದರೆ ಎರಡು ಮಂಕರಿ ಬಗಲಿಂದ ಬರುತ್ತಿತ್ತು, ಆ ಬಾವಿ ತೋಡುವವನು ಹೇಳಿದ ಹಾಗೆಯೇ. ಮೂರನೆಯ ಸಂಜೆ ಊರಿನ ಹಿರಿಯರು ಸಾಕು ಎಂದರು. ನಮ್ಮಲ್ಲಿ ಹೇಗೂ ಮಣ್ಣಿಗೇ ಇಡುವುದು, ಅವನು ಮಣ್ಣಿನಲ್ಲೇ ಇದ್ದಾನೆ, ಇನ್ನೊಬ್ಬನನ್ನು ಕಳೆದುಕೊಳ್ಳುವುದು ಬೇಡ ಎಂದರು. ಜಂಗಮರು ಬಂದು ಅಲ್ಲಿಯೇ ಮೇಲಿನಿಂದ ವಿಭೂತಿ, ಬಿಲ್ವಪತ್ರೆ ಹಾಕಿ ಮಂತ್ರ ಹೇಳಿದರು. ಆ ಹೊತ್ತಿಗೂ ಕೆಸರು ಕುಸಿಯುತ್ತಲೇ ಇತ್ತು, ಹಾಕಿದ ಪತ್ರೆ ಕಣ್ಣೆದುರೇ ಒಳಗೆ ಹೋಯಿತು.

ವರದರಾಜನ್ ಕೊಳ್ಳೇಗಾಲದಿಂದ ಬಂದವರು ನನ್ನನ್ನು ಗುಡಾರದೊಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು. ಅವನಿಗೆ ಹೇಳಿದ್ದೆಯಾ? ಹೇಳಿದ್ದೆ ಎಂದೆ. ಯೋಚಿಸಲೂ ಇಲ್ಲ, ನಾಲಿಗೆ ತಾನಾಗಿ ಹೇಳಿತು. ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮಹಜರು ಬರೆಯಲು ಬಂದವರ ಮುಂದೆ ಅವರೇ ಅದನ್ನು ಹೇಳಿದರು. ಎಚ್ಚರಿಕೆ ಕೊಟ್ಟರೂ ಕೇಳದೆ ಇಳಿದ ಎಂದು ಕಾಗದದ ಮೇಲೆ ಬಿತ್ತು. ಕಾಗದದ ಮೇಲೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕರಡಿಕೊಳ್ಳದ ಹುಟ್ಟಿನ ಬಗ್ಗೆ ವರದರಾಜನ್ ಬರೆದ ವರದಿಗೆ ಮುಂದೆ ಒಳ್ಳೆಯ ಹೆಸರು ಬಂತು. ಅದರ ನಕ್ಷೆಯಲ್ಲಿ ಬಿರುಕಿನ ಗೆರೆಯ ಮೇಲೆ ಒಂದು ಸಣ್ಣ ಸೊನ್ನೆ ಇದೆ, ಬಾವಿ ಎಂದು ಬರೆದಿದೆ. ಆ ಸೊನ್ನೆ ಹಾಕಿದ್ದು ನಾನೇ.

ನಾವು ಗುಡಾರ ಕೀಳುವ ದಿನ, ತಿಥಿಯೆಲ್ಲ ಮುಗಿದ ಮೇಲೆ, ಪುಟ್ಟಮ್ಮಣ್ಣಿ ಬಂದರು. ಮಗಳು ಹಿಂದೆ ನಿಂತಿದ್ದಳು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ, ಗೊತ್ತಿಲ್ಲ. ಅವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಅದು ನನ್ನ ಮೇಲಲ್ಲ.

“ನೀವು ಬ್ಯಾಡ ಅಂತ ಏಳಿದ್ರಂತಲ್ಲ ಸಾ, ಇಳೀಬ್ಯಾಡಿ ಅಂತ. ನಂಗೊಂದ್ ಮಾತು ಏಳ್ನಿಲ್ಲ ಅವ್ರು. ಏಳಿದ್ರೆ ನಾನು ಅಗ್ಗ ಇಡೀತಿದ್ನಾ?” ಎಂದರು. ಆಮೇಲೆ ಕೇಳಿದರು: “ನೀವ್ ಏಳ್ದಾಗ ಏನಂದ್ರು ಸಾ ಅವ್ರು?”

ಗುಡಾರದ ಹಗ್ಗ ಸುತ್ತುತ್ತಿದ್ದ ನಾನು ಅದನ್ನು ಕೆಳಗಿಟ್ಟೆ. ಒಂದು ಗಳಿಗೆ ಸಮಯವಿತ್ತು. ಆ ಒಂದು ಗಳಿಗೆಯನ್ನು ಇವತ್ತಿಗೂ ನಾನು ತಿರುಗಿಸಿ ತಿರುಗಿಸಿ ನೋಡುತ್ತೇನೆ.

“ಆಯ್ತು ಬುಡಿ ಸಾ, ನೋಡ್ಕತೀನಿ ಅಂದ್ರು” ಎಂದೆ.

ಅವರು ತಲೆಯಾಡಿಸಿದರು. “ಅಂಗೇ ಅನ್ನೋದು ಅವ್ರು. ಯಾರ್ ಮಾತ ಕೇಳವ್ರೆ” ಎಂದು, ಸೆರಗು ಬಿಗಿದುಕೊಂಡು, ಸತ್ತ ಗಂಡನನ್ನು ಬೈಯುತ್ತ ಬೈಯುತ್ತ ಹೊಲದ ದಾರಿಯಲ್ಲಿ ಹೊರಟುಹೋದರು.